ಎನ್‌ಜಿಒ ಪ್ರೋಗ್ರಾಂ ಮ್ಯಾನೇಜರ್ ಕೆಲಸದಿಂದ ಡಿಜಿಟಲ್ ಮಾರ್ಕೆಟಿಂಗ್‌ಗೆ: ರಾಯಚೂರಲ್ಲೇ ಇದ್ದುಕೊಂಡು ಆಗುತ್ತಾ?

ಮಾನ್ವಿರೋಡ್ ಕೇಳಿದ್ದಾರೆ:

ನಮಸ್ಕಾರ ಎಲ್ಲರಿಗೂ. ನಾನು ರಾಯಚೂರಿನವಳು, ಇಲ್ಲೇ ಒಂದು ಎನ್‌ಜಿಒದಲ್ಲಿ ಪ್ರೋಗ್ರಾಂ ಮ್ಯಾನೇಜರ್ ಆಗಿದ್ದೇನೆ. ದೇವದುರ್ಗ, ಮಾನ್ವಿ, ಸಿರವಾರ ಕಡೆಯ ಹಳ್ಳಿಗಳಲ್ಲಿ ತಾಯಿ-ಮಕ್ಕಳ ಪೌಷ್ಟಿಕತೆ ಮತ್ತು ಮಹಿಳಾ ಸಂಘಗಳ ಕೆಲಸ. ವಯಸ್ಸು ಮೂವತ್ತೈದು ದಾಟಿದೆ. ಎಂಎಸ್‌ಡಬ್ಲ್ಯೂ ಮುಗಿಸಿದಾಗಿನಿಂದ ಪೂರ್ತಿ ಇದೇ ಫೀಲ್ಡ್.

ಕೆಲಸ ಏನು ಅಂದ್ರೆ, ವರ್ಷದ ಪ್ಲಾನ್ ಮತ್ತು ಬಜೆಟ್ ಮಾಡುವುದು, ಫೀಲ್ಡ್ ಸ್ಟಾಫ್‌ನ ನೋಡಿಕೊಳ್ಳುವುದು, ತಿಂಗಳಿಗೊಮ್ಮೆ ಎಂಐಎಸ್ (ಕೆಲಸದ ಅಂಕಿಅಂಶಗಳ ವರದಿ), ಮೂರು ತಿಂಗಳಿಗೊಮ್ಮೆ ಡೋನರ್‌ಗೆ ರಿಪೋರ್ಟ್, ಖರ್ಚಿಗೆ ಯುಸಿ (ದುಡ್ಡು ಹೇಗೆ ಬಳಸಿದೆವು ಅನ್ನುವ ಪ್ರಮಾಣಪತ್ರ), ನಡುನಡುವೆ ಜಿಲ್ಲಾ ಪಂಚಾಯಿತಿ ಮೀಟಿಂಗ್. ರಾಯಚೂರು 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ ಅಂತ ಇಲ್ಲಿನವರಿಗೆ ಗೊತ್ತೇ ಇದೆ. ಅದರ 49 ಸೂಚಕಗಳ ಡ್ಯಾಶ್‌ಬೋರ್ಡ್ ಮುಂದಿಟ್ಟುಕೊಂಡೇ ನಮ್ಮ ಅರ್ಧ ಪ್ಲಾನಿಂಗ್ ನಡೆಯುತ್ತದೆ. ಹಾಗಾಗಿ ಎಕ್ಸೆಲ್, ನಂಬರ್ ಅಂದ್ರೆ ನನಗೆ ಹೆದರಿಕೆ ಇಲ್ಲ.

ಬಿಡಬೇಕು ಅನ್ನಿಸುತ್ತಿರುವುದು ಯಾಕೆ ಅಂದ್ರೆ ಸಿಎಸ್‌ಆರ್ ದುಡ್ಡಿನ, ಅಂದ್ರೆ ಕಂಪನಿಗಳು ಸಮಾಜಸೇವೆಗೆ ಕೊಡುವ ದುಡ್ಡಿನ ಪ್ರಾಜೆಕ್ಟ್‌ಗೆ ಆಯುಷ್ಯ ಕಡಿಮೆ. ನಿಯಮದಲ್ಲೇ ಇದೆ, ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದ ಒಳಗೆ ಮುಗಿಸಬೇಕು. ಮಾರ್ಚ್ ಹತ್ತಿರ ಬಂತು ಅಂದ್ರೆ ಮುಂದುವರಿಯುತ್ತಾ ಇಲ್ವಾ ಅಂತ ಕಾಯುವುದು, ಸ್ಟಾಫ್ ಕೇಳಿದರೆ "ನೋಡೋಣ" ಅನ್ನುವುದು. ಸಾಕಾಗಿದೆ.

ಇನ್ನೊಂದು ಕಾರಣಾನೂ ಇದೆ. ನಮ್ಮ ಒಂದು ಸಂಘದವರು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾಡುತ್ತಾರೆ. ಅವರಿಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿಕೊಟ್ಟು ಇನ್‌ಸ್ಟಾಗ್ರಾಂ ಪೇಜ್ ಶುರು ಮಾಡಿದೆ. ಚೆಂದ ಮಾಡಿ ತೆಗೆದ ಫೋಟೋಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಒಬ್ಬರು ರೊಟ್ಟಿ ಬಡಿಯುವುದನ್ನು ಹಾಡು ಗೀಡು ಏನೂ ಹಾಕದೆ, ಬರೀ ಆ ಸಪ್ಪಳದ ಜೊತೆ ವಿಡಿಯೋ ಹಾಕಿದ ದಿನ ಹೈದರಾಬಾದಿನಿಂದ, ಬೆಂಗಳೂರಿನಿಂದ ಫೋನ್ ಬಂದವು. ಅವತ್ತಿನಿಂದ ಯಾವ ಪೋಸ್ಟ್ ಹಾಕಿದಾಗ ಎಷ್ಟು ಆರ್ಡರ್ ಅಂತ ಬರೆದಿಟ್ಟುಕೊಳ್ಳುತ್ತಿದ್ದೇನೆ. ಇದರಲ್ಲಿ ಸಿಗುವ ಖುಷಿ ಡೋನರ್ ರಿಪೋರ್ಟ್ ಬರೆಯುವುದರಲ್ಲಿ ಸಿಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಗೊಂದಲ. ಇಷ್ಟು ವರ್ಷದ ಅನುಭವಕ್ಕೆ ಅಲ್ಲಿ ಬೆಲೆ ಇದೆಯಾ, ಇಲ್ಲ ಡಿಗ್ರಿ ಮುಗಿಸಿ ಬಂದ ಹುಡುಗರ ಜೊತೆ ಕೆಳಗಿಂದ ಶುರು ಮಾಡಬೇಕಾ? ಮನೆಯವರ ನೌಕರಿ ಇಲ್ಲೇ, ಅತ್ತೆಗೆ ಹುಷಾರಿಲ್ಲ, ಬೆಂಗಳೂರಿಗೆ ಹೋಗುವ ಮಾತೇ ಇಲ್ಲ. ಒಂದು ಇನ್‌ಸ್ಟಿಟ್ಯೂಟ್‌ನವರು ದಿನಾ ಫೋನ್ ಮಾಡಿ "ನೂರಕ್ಕೆ ನೂರು ಪ್ಲೇಸ್‌ಮೆಂಟ್, ಈ ವಾರ ಸೇರಿದರೆ ಫೀಸಲ್ಲಿ ಕಡಿಮೆ" ಅನ್ನುತ್ತಿದ್ದಾರೆ. ಸೇರಬೇಕಾ? ಗೊತ್ತಿದ್ದವರು ನೇರವಾಗಿ ಹೇಳಿ, ಬೇಜಾರಿಲ್ಲ.

ಎಡದಂಡೆ_ಗಂಗಾವತಿ:

ಅಕ್ಕಾವ್ರೇ, ಮೊದಲು ಆ ಇನ್‌ಸ್ಟಿಟ್ಯೂಟ್ ನಂಬರ್ ಬ್ಲಾಕ್ ಮಾಡಿ. ಈ ವಾರ ಕಡಿಮೆ, ಮುಂದಿನ ವಾರ ಜಾಸ್ತಿ ಅನ್ನುವವರ ಹತ್ತಿರ ಕಲಿಯುವಂಥದ್ದು ಆ ಒಂದು ಟ್ರಿಕ್ ಮಾತ್ರ, ಅದನ್ನ ಅವರು ಫೋನಲ್ಲೇ ಪುಕ್ಕಟೆ ಕಲಿಸಿಬಿಟ್ಟರು. ಗೂಗಲ್ ಆಡ್ಸ್ ಕಲಿಯೋಕೆ ಗೂಗಲ್‌ನದೇ ಸ್ಕಿಲ್‌ಶಾಪ್ ಇದೆ, ಪಾಠಕ್ಕೂ ದುಡ್ಡಿಲ್ಲ, ಪರೀಕ್ಷೆಗೂ ದುಡ್ಡಿಲ್ಲ. ಸರ್ಟಿಫಿಕೇಟ್ ಒಂದು ವರ್ಷ ಚಾಲ್ತಿ, ಆಮೇಲೆ ಮತ್ತೆ ಬರೆಯಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಮೆಟಾ ಬ್ಲೂಪ್ರಿಂಟ್ ಇದೆ. ಅಲ್ಲಿ ಪಾಠ ಫ್ರೀ, ಪರೀಕ್ಷೆಗೆ ಮಾತ್ರ ಫೀಸ್. ಆ ಪರೀಕ್ಷೆ ಈಗಲೇ ಬೇಕಾಗಿಲ್ಲ.

ನಾನು ಗಂಗಾವತಿಯಲ್ಲಿ ಸಣ್ಣದೊಂದು ಏಜೆನ್ಸಿ ನಡೆಸುತ್ತೇನೆ. ರೈಸ್ ಮಿಲ್, ಒಂದೆರಡು ಆಸ್ಪತ್ರೆ, ಆನೆಗೊಂದಿ-ಸಣಾಪುರ ಕಡೆ ಹೋಂಸ್ಟೇ, ಇಂಥವು. ಹಾಗಾಗಿ ಇಲ್ಲೇ ಇದ್ದು ಆಗುತ್ತಾ ಅಂದ್ರೆ ಆಗುತ್ತದೆ. ಆದರೆ ನಿಮ್ಮ ಅನುಭವದಲ್ಲಿ ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಅನ್ನುವುದು ಮೊದಲು ತಿಳಿದುಕೊಳ್ಳಿ. ಮೀಟಿಂಗ್ ಕರೆಯುವುದು, ಎಲ್ಲರನ್ನೂ ಕೂಡಿಸಿ ಕೆಲಸ ತೆಗೆಯುವುದು, ರಿಪೋರ್ಟ್ ಚೆಂದ ಮಾಡುವುದು, ಇದಕ್ಕೆ ನಮ್ಮಂಥವರ ಹತ್ತಿರ ಯಾರೂ ದುಡ್ಡು ಕೊಡುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಪರಿಸ್ಥಿತಿ ಹೇಗಿತ್ತು ಅಂತ ಬೇಸ್‌ಲೈನ್ ತೆಗೆದು, ಮಾಡಿದ ಮೇಲೆ ನಿಜವಾಗಿ ಬದಲಾಯ್ತಾ ಅಂತ ಅಳೆಯುತ್ತೀರಲ್ಲ, ಅದಕ್ಕೆ ಕೊಡುತ್ತಾರೆ. ಯಾವ ಪೋಸ್ಟ್‌ಗೆ ಎಷ್ಟು ಆರ್ಡರ್ ಅಂತ ಯಾರೂ ಹೇಳದೆ ಬರೆದಿಟ್ಟಿದ್ದೀರಿ. ನನ್ನ ಹತ್ತಿರ ಬರುವ ಹುಡುಗರಿಗೆ ಇದನ್ನು ಹೇಳಿ ಹೇಳಿ ಬಾಯಿ ಒಣಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ಆನೆಗೊಂದಿಯ ಒಬ್ಬ ಹೋಂಸ್ಟೇ ಮಾಲೀಕರು ನಮ್ಮ ಹತ್ತಿರ ಬಂದರು. ಮೊದಲು ಬೇರೆ ಯಾರೋ ಅವರ ಗೂಗಲ್ ಜಾಹೀರಾತು ನಡೆಸುತ್ತಿದ್ದರು. ಕ್ಲಿಕ್ ಬೇಕಾದಷ್ಟು, ಬುಕಿಂಗ್ ಮಾತ್ರ ಇಲ್ಲ. ತೆಗೆದು ನೋಡಿದರೆ ಜಾಗ ಅಂತ ಕೊಪ್ಪಳ ಜಿಲ್ಲೆ ಹಾಕಿದ್ದಾರೆ. ಗಂಗಾವತಿಯವರು ಆನೆಗೊಂದಿಯಲ್ಲಿ ರೂಮ್ ಮಾಡಿಕೊಂಡು ಮಲಗುತ್ತಾರಾ? ರೂಮ್ ತೆಗೆದುಕೊಳ್ಳುವವರು ಬೆಂಗಳೂರು, ಹೈದರಾಬಾದ್ ಕಡೆಯವರು. ಆ ಊರುಗಳನ್ನು ಹಾಕಿ, ಅದರ ಕೆಳಗೆ ಇನ್ನೊಂದು ಸಣ್ಣ ಸೆಟ್ಟಿಂಗ್ ಇರುತ್ತದೆ, ಆ ಊರಲ್ಲಿ ಇರುವವರಿಗೆ ಮಾತ್ರ ತೋರಿಸಬೇಕಾ, ಇಲ್ಲ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ತೋರಿಸಬೇಕಾ ಅಂತ, ಗೂಗಲ್ ತಾನಾಗಿಯೇ ಎರಡನ್ನೂ ಸೇರಿಸಿಟ್ಟಿರುತ್ತದೆ, ಅದನ್ನು ಮೊದಲನೆಯದಕ್ಕೆ ಬದಲಾಯಿಸಿದೆವು. ಆಮೇಲೆ ಕೀವರ್ಡ್, ಅಂದ್ರೆ ಜನ ಯಾವ ಪದ ಹುಡುಕಿದಾಗ ಜಾಹೀರಾತು ಬರಬೇಕು ಅನ್ನುವುದು. ಹೊರಗಿನವರು ಹುಡುಕುವುದು "ಹಂಪಿ ಹೋಂಸ್ಟೇ" ಅಂತ. ಹಂಪಿ 2021ರಿಂದ ವಿಜಯನಗರ ಜಿಲ್ಲೆ, ಆನೆಗೊಂದಿ ಹೊಳೆಯ ಈ ಕಡೆ ಕೊಪ್ಪಳ ಜಿಲ್ಲೆ ಅನ್ನುವುದು ಹೈದರಾಬಾದಿನವರಿಗೆ ಯಾಕೆ ಬೇಕು? ಆದರೆ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ, "ಹಂಪಿಯಿಂದ ಎಷ್ಟು ದೂರ, ಹೊಳೆ ಹೇಗೆ ದಾಟಬೇಕು?" ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ತೆರವು ಮಾಡಿದ್ದು ಕೇಳಿ, ಈ ಕಡೆ ಉಳಿಯೋಕೆ ಜಾಗವೇ ಇಲ್ಲ ಅಂದುಕೊಂಡವರೂ ಇದ್ದಾರೆ. ಈ ಪ್ರಶ್ನೆಗಳ ಉತ್ತರವನ್ನೇ ಜಾಹೀರಾತಿನ ಸಾಲುಗಳಲ್ಲಿ ಬರೆದೆವು. ಕ್ಲಿಕ್ ಕಡಿಮೆ ಆಯ್ತು, ಬುಕಿಂಗ್ ಶುರುವಾಯ್ತು. ಮಾಲೀಕರು ಮೊದಲ ವಾರ ಕ್ಲಿಕ್ ಇಳಿದಿದ್ದು ನೋಡಿ ನನ್ನ ಮೇಲೆ ಸಿಟ್ಟಾಗಿದ್ದರು, ಅದು ಬೇರೆ ಮಾತು.

ಈಗ ಮುಖ್ಯ ವಿಷಯ. ನೀವು ಕೆಲಸ ಬಿಡುವ ಮುಂಚೆ ನಿಮ್ಮ ಎನ್‌ಜಿಒದಲ್ಲಿ ಗೂಗಲ್ ಆಡ್ ಗ್ರಾಂಟ್ಸ್ ಇದೆಯಾ ವಿಚಾರಿಸಿ. ನೋಂದಣಿ ಆದ ಲಾಭರಹಿತ ಸಂಸ್ಥೆಗಳಿಗೆ ಗೂಗಲ್ ತಿಂಗಳಿಗೆ 10,000 ಡಾಲರ್‌ವರೆಗೆ ಸರ್ಚ್ ಜಾಹೀರಾತು ಪುಕ್ಕಟೆ ಕೊಡುತ್ತದೆ. ನಗದು ಅಲ್ಲ, ಬರೀ ಜಾಹೀರಾತಿನ ಕ್ರೆಡಿಟ್. ಸರ್ಕಾರಿ ಕಚೇರಿ, ಆಸ್ಪತ್ರೆ, ಶಾಲೆಗಳಿಗೆ ಇಲ್ಲ. ನಿಮ್ಮಂಥ ಸಂಸ್ಥೆಗೆ ಇದೆ. ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ ಎಂಟು ಲಕ್ಷದ ಮೇಲಾಯ್ತು. ಅಷ್ಟು ದೊಡ್ಡ ಅಕೌಂಟ್‌ನ ನಾನು ನನ್ನ ಏಜೆನ್ಸಿಗೆ ಹೊಸದಾಗಿ ಬಂದವರ ಕೈಗೆ ಖಂಡಿತ ಕೊಡಲ್ಲ. ಪೂರ್ತಿ ಖರ್ಚಾಗುವುದು ಕಷ್ಟ, ಚಿಂತೆ ಬೇಡ. ನಿಯಮ ಬಿಗಿ ಇದೆ. ನೋಡಿದ ನೂರು ಜನರಲ್ಲಿ ಐವರಾದರೂ ಕ್ಲಿಕ್ ಮಾಡಬೇಕು, ಅಂದ್ರೆ ಸಿಟಿಆರ್ ಶೇ. 5. ಸತತ ಎರಡು ತಿಂಗಳು ಅದಕ್ಕಿಂತ ಕೆಳಗೆ ಹೋದರೆ ಅಕೌಂಟ್ ನಿಲ್ಲಿಸಬಹುದು. ಒಂದೇ ಪದದ ಕೀವರ್ಡ್ ಸಾಮಾನ್ಯವಾಗಿ ಬಿಡುವುದಿಲ್ಲ. ಕನ್ವರ್ಶನ್ ಟ್ರ್ಯಾಕಿಂಗ್, ಅಂದ್ರೆ ಕ್ಲಿಕ್ ಮಾಡಿದವರು ಫಾರಂ ತುಂಬುವಂಥ ಬೇಕಾದ ಕೆಲಸ ಮಾಡಿದರಾ ಅಂತ ಎಣಿಸುವುದು, ಇರಲೇಬೇಕು. ಅಂದ್ರೆ ಸೋಮಾರಿತನ ಮಾಡೋಕೆ ಆಗದ ಹಾಗೆ ಗೂಗಲ್ಲೇ ನಿಮಗೆ ಪಾಠ ಕಲಿಸುತ್ತದೆ, ಮೇಲೆ ನಿಮ್ಮ ಸಂಬಳಾನೂ ಬರುತ್ತಿರುತ್ತದೆ. ಅರವತ್ತು ಸಾವಿರ ಕೊಟ್ಟು ಯಾವ ಕೋರ್ಸಲ್ಲೂ ಇದು ಸಿಗಲ್ಲ.

ಇಂಡಿಗೋ_ಬಳ್ಳಾರಿ:

ನಾನು ಮಾರ್ಕೆಟಿಂಗ್‌ನವನಲ್ಲ ಮೇಡಂ, ಮಾರ್ಕೆಟಿಂಗ್‌ನವರಿಗೆ ದುಡ್ಡು ಕೊಡುವ ಪಾರ್ಟಿ. ಬಳ್ಳಾರಿಯಲ್ಲಿ ಜೀನ್ಸ್ ಹೋಲ್‌ಸೇಲ್. ಕಟಿಂಗ್ ನಮ್ಮಲ್ಲೇ, ಹೊಲಿಗೆ ಜಾಬ್ ವರ್ಕ್‌ಗೆ ಕೊಡುತ್ತೇವೆ, ವಾಷಿಂಗ್ ಹೊರಗೆ. ಈ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಹೇಳಿಬಿಡುತ್ತೇನೆ, ನಿಮಗೆ ಉಪಯೋಗ ಆದೀತು.

ಮುಂಚೆ ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಹೆಸರು ಬೇಡ. ತಿಂಗಳ ಕೊನೆಗೆ ಬಣ್ಣ ಬಣ್ಣದ ಪಿಡಿಎಫ್ ಬರುತ್ತಿತ್ತು. ರೀಚ್ ಇಷ್ಟು ಲಕ್ಷ, ಲೈಕ್ ಇಷ್ಟು ಸಾವಿರ, ಬಾಣದ ಗುರುತು ಮೇಲಕ್ಕೆ. ಗೋಡೌನಲ್ಲಿ ಮಾಲು ಇದ್ದಲ್ಲೇ ಇತ್ತು. ಫೋನ್ ಬರುತ್ತಿದ್ದವು, ಬರುತ್ತಿರಲಿಲ್ಲ ಅಂತ ಅಲ್ಲ. "ಅಣ್ಣಾ, 32 ಸೈಜ್ ಒಂದು ಪ್ಯಾಂಟ್ ಕಳಿಸ್ತೀರಾ, ಕ್ಯಾಶ್ ಆನ್ ಡೆಲಿವರಿ ಇದೆಯಾ" ಅಂತ. ಇಲ್ಲಾಂದ್ರೆ "ಟೈಲರ್ ಕೆಲಸ ಖಾಲಿ ಇದೆಯಾ" ಅಂತ. ನಮ್ಮದು ಸೈಜ್ ಸೆಟ್ ಲೆಕ್ಕದಲ್ಲಿ ಹೋಗುವ ಮಾಲು. ಒಂದು ಪೀಸ್ ಕೇಳುವವರಿಗೆ ದಿನವಿಡೀ ಇಲ್ಲ ಇಲ್ಲ ಅನ್ನೋಕೆ ಒಬ್ಬ ಹುಡುಗನ್ನ ಇಡಬೇಕಾಯ್ತು. ಜಾಹೀರಾತಿಗೆ ದುಡ್ಡು, ಆ ಹುಡುಗನಿಗೂ ಸಂಬಳ!

ಆಮೇಲೆ ನಮ್ಮ ಅಕ್ಕನ ಮಗಳು, ಬಿಕಾಂ ಮಾಡಿದಾಕೆ, ಕೂತು ಸರಿ ಮಾಡಿದಳು. ಅವಳು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಗೂಗಲ್‌ನಲ್ಲಿ ಜನ ಏನು ಟೈಪ್ ಮಾಡಿ ನಮ್ಮ ಜಾಹೀರಾತು ನೋಡಿದರು ಅಂತ ಪಟ್ಟಿ ಸಿಗುತ್ತದಂತೆ, ಸರ್ಚ್ ಟರ್ಮ್ಸ್ ಅಂತ. ಅದನ್ನು ಸಾಲು ಸಾಲು ಓದಿ "ಜಾಬ್ಸ್", "ಒಂದು ಪೀಸ್", "ಲೇಡೀಸ್ ಟಾಪ್" ಇಂಥವಕ್ಕೆಲ್ಲ ಜಾಹೀರಾತು ತೋರಿಸಬೇಡ ಅಂತ ಹಾಕಿದಳು. ಜಾಹೀರಾತಿನಲ್ಲೇ "ಅಂಗಡಿಯವರಿಗೆ ಮಾತ್ರ, ಕನಿಷ್ಠ 100 ಪೀಸ್" ಅಂತ ಬರೆದಳು. ತೆಲುಗಿನಲ್ಲಿ ಬೇರೆ ಜಾಹೀರಾತು ಮಾಡಿದಳು, ನಮ್ಮ ಪಾರ್ಟಿಗಳು ಅನಂತಪುರ, ಕರ್ನೂಲು ಕಡೆ ಜಾಸ್ತಿ. ಇನ್ನೊಂದು, ನಮ್ಮ ಊರಿನ ಹೆಸರು 2014ರ ನವೆಂಬರ್‌ನಿಂದ ಇಂಗ್ಲಿಷಲ್ಲೂ ಬಳ್ಳಾರಿ ಆಗಿದೆ, ಆದರೆ ಹೊರಗಿನ ವ್ಯಾಪಾರಿ ಇನ್ನೂ ಹಳೆಯ "ಬೆಲ್ಲಾರಿ ಜೀನ್ಸ್" ಅಂತಲೇ ಹೊಡೆಯುತ್ತಾನೆ. ಹಿಂದಿನವರು ಆ ಸ್ಪೆಲ್ಲಿಂಗ್ ಹಾಕಿಯೇ ಇರಲಿಲ್ಲ.

ನನಗೆ ಬೇಕಾಗಿರುವುದು ಒಂದೇ ಒಂದು ಹಾಳೆ. ಎಷ್ಟು ಖರ್ಚಾಯ್ತು, ಎಷ್ಟು ಫೋನ್ ಬಂತು, ಅದರಲ್ಲಿ ಅಂಗಡಿಯವರು ಎಷ್ಟು, ಮಾಲು ಎತ್ತಿದವರು ಎಷ್ಟು, ಮತ್ತೆ ಎರಡನೇ ಸಲ ಬಂದವರು ಎಷ್ಟು. ಇದನ್ನು ಕೊಡುವವರು ಸಿಕ್ಕರೆ ನಾನು ಬಿಡುವುದಿಲ್ಲ. ನಿಮ್ಮ ಯುಸಿ, ಎಂಐಎಸ್ ಅಂದ್ರೆ ಹೆಚ್ಚುಕಡಿಮೆ ಇದೇ ಅಲ್ವಾ? ಅಂದಹಾಗೆ ಜಾಹೀರಾತು ಬಿಲ್ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಕ್ಲೈಂಟ್‌ಗೆ ಜಿಎಸ್‌ಟಿ ನಂಬರ್ ಇದ್ದರೆ ಅಕೌಂಟಲ್ಲಿ ಮೊದಲ ದಿನವೇ ಹಾಕಿಸಿ, ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ನಮ್ಮ ಹಳೆಯ ಏಜೆನ್ಸಿ ಅವರ ಸ್ವಂತ ಅಕೌಂಟಿಂದ ನಡೆಸಿ ನಮಗೆ ಬರೀ ಕೈಬರಹದ ಲೆಕ್ಕ ಕೊಟ್ಟರು, ಅದೂ ಹೋಯ್ತು.

ಹಟ್ಟಿ_ಕ್ಯಾಂಪ್:

ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ಒಬ್ಬನಾದರೂ ಬೇಡ ಅನ್ನಬೇಕಲ್ಲ. ಮೇಡಂ, ಬಿಡಬೇಡಿ. ನಮ್ಮ ಕಡೆ ಮಾರ್ಕೆಟಿಂಗ್ ಅಂದ್ರೆ ಇನ್ನೂ ಸರ್ಕಲ್‌ನಲ್ಲಿ ಫ್ಲೆಕ್ಸ್, ಆಟೋದಲ್ಲಿ ಮೈಕ್. ಅದಕ್ಕೆ ನಗದು ಕೊಡುತ್ತಾರೆ. ಆನ್‌ಲೈನ್ ಅಂದ್ರೆ "ಮೊದಲು ರಿಸಲ್ಟ್ ತೋರಿಸಿ" ಅನ್ನುತ್ತಾರೆ, ತೋರಿಸಿದ ಮೇಲೆ "ಇದು ನಮ್ಮ ಹೆಸರಿಗೆ ಬಂದಿದ್ದು" ಅನ್ನುತ್ತಾರೆ. ನನ್ನ ತಮ್ಮ ಸಿಂಧನೂರಿನಲ್ಲಿ ಇದೇ ಮಾಡಿ ಅರ್ಧ ಬಾಕಿ ಇನ್ನೂ ವಸೂಲಿ ಮಾಡುತ್ತಿದ್ದಾನೆ. ಸಂಬಳ ಕಡಿಮೆಯಾದರೂ ಒಂದನೇ ತಾರೀಖು ಬರುತ್ತದಲ್ಲ, ಅದರ ಬೆಲೆ ಬಿಟ್ಟ ಮೇಲೆ ಗೊತ್ತಾಗುತ್ತದೆ.

ಎಡದಂಡೆ_ಗಂಗಾವತಿ:

ಹಟ್ಟಿ ಅಣ್ಣ ಹೇಳಿದ್ದು ಸುಳ್ಳಲ್ಲ, ಉದ್ರಿ ಇಲ್ಲಿನ ದೊಡ್ಡ ರೋಗ. ನಾವು ತಿಂಗಳ ಫೀಸ್ ಮುಂಗಡ ತೆಗೆದುಕೊಳ್ಳುತ್ತೇವೆ, ಜಾಹೀರಾತಿನ ದುಡ್ಡು ಕ್ಲೈಂಟ್ ಕಾರ್ಡಿಂದಲೇ ನೇರ ಹೋಗಬೇಕು, ನಮ್ಮ ಕೈಯಿಂದ ಒಂದು ರೂಪಾಯಿ ಹಾಕುವುದಿಲ್ಲ. ಒಪ್ಪದವರು ಬೇಡ. ಅದಕ್ಕೇ ನಾನು ಬಿಡಿ ಅನ್ನಲಿಲ್ಲ, ಇದ್ದಲ್ಲೇ ಶುರು ಮಾಡಿ ಅಂದೆ.

ಲಿಂಗಸುಗೂರು_ಟು_ಬೆಂಗಳೂರು:

ನಾನು ಬೆಂಗಳೂರಿನಲ್ಲಿ ಪರ್ಫಾರ್ಮೆನ್ಸ್ ಮಾರ್ಕೆಟಿಂಗ್ (ಫಲಿತಾಂಶ ಅಳೆದು ನಡೆಸುವ ಆನ್‌ಲೈನ್ ಜಾಹೀರಾತು) ಟೀಮ್ ನೋಡಿಕೊಳ್ಳುತ್ತೇನೆ, ಜನರನ್ನು ತೆಗೆದುಕೊಳ್ಳುವ ಕೆಲಸಾನೂ ನನ್ನದೇ. ಆ ಕಡೆಯಿಂದ ಹೇಳುತ್ತೇನೆ.

ರೆಸ್ಯೂಮ್‌ನಲ್ಲಿ "ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್", "ಕ್ರಾಸ್ ಫಂಕ್ಷನಲ್ ಟೀಮ್" ಇಂಥ ಮಾತು ಬರೆದರೆ ನಾನು ಓದುವುದಿಲ್ಲ, ಎಲ್ಲರೂ ಬರೆಯುತ್ತಾರೆ. ರೊಟ್ಟಿ ವಿಡಿಯೋ ಕಥೆ ಬರೆಯಿರಿ. ಏನು ಹಾಕಿದಿರಿ, ಏನಾಯ್ತು, ಅದರಿಂದ ಮುಂದಿನದು ಏನು ಬದಲಾಯಿಸಿದಿರಿ. ನಾಲ್ಕು ಸಾಲು ಸಾಕು.

ಇಂಟರ್‌ವ್ಯೂನಲ್ಲಿ ನಾನು ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇದೆ. ಒಂದು ಲೀಡ್‌ಗೆ, ಅಂದ್ರೆ ವಿಚಾರಿಸಿ ಬಂದ ಒಬ್ಬ ಗಿರಾಕಿಗೆ, 200 ರೂಪಾಯಿ ಬೀಳುತ್ತಿತ್ತು, ಈ ತಿಂಗಳು 350 ಆಗಿದೆ, ಮೊದಲು ಏನು ನೋಡುತ್ತೀರಿ? ಹೊಸಬರು ತಕ್ಷಣ "ಕ್ರಿಯೇಟಿವ್ (ಜಾಹೀರಾತಿನ ಚಿತ್ರ, ಬರಹ) ಬದಲಾಯಿಸುತ್ತೇನೆ", "ಬಜೆಟ್ ಕಡಿಮೆ ಮಾಡುತ್ತೇನೆ" ಅನ್ನುತ್ತಾರೆ. ನನಗೆ ಬೇಕಾದ ಉತ್ತರ, "ಎಣಿಕೆ ಸರಿ ಇದೆಯಾ ಅಂತ ನೋಡುತ್ತೇನೆ." ವೆಬ್‌ಸೈಟ್‌ನವರು ಫಾರಂ ಬದಲಾಯಿಸಿದಾಗ ಟ್ಯಾಗ್ (ಎಣಿಸುವ ಕೋಡ್) ಬಿದ್ದುಹೋಗಿ ಅರ್ಧ ಲೀಡ್ ಎಣಿಕೆಗೇ ಬಂದಿಲ್ಲದೆ ಇರಬಹುದು. ಅಂಗನವಾಡಿ ರಿಜಿಸ್ಟರ್‌ನಲ್ಲಿ ಎಲ್ಲ ಮಕ್ಕಳ ತೂಕ ಒಂದೇ ಸಲ ಇಳಿದಿದ್ದರೆ ನೀವು ಮೊದಲು ತಕ್ಕಡಿ ನೋಡುತ್ತೀರಿ ಅಲ್ವಾ, ಹಾಗೆ. ಫೀಲ್ಡ್ ಡೇಟಾ ನಂಬದೆ ಹೋಗಿ ಪರೀಕ್ಷೆ ಮಾಡುವ ಗುಣ ನಿಮಗೆ ರೂಢಿಯಾಗಿರುತ್ತದೆ. ನಮ್ಮಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಕಂಡಿದ್ದೆಲ್ಲ ನಿಜ ಅಂದುಕೊಳ್ಳುವವರೇ ಜಾಸ್ತಿ.

ಈಗ ಹಿತವಲ್ಲದ ಮಾತು. ಬಟನ್ ಒತ್ತುವ ಕೆಲಸ ಕಡಿಮೆ ಆಗುತ್ತಿದೆ. ಗೂಗಲ್‌ನ ಪರ್ಫಾರ್ಮೆನ್ಸ್ ಮ್ಯಾಕ್ಸ್, ಮೆಟಾದ ಅಡ್ವಾಂಟೇಜ್ ಪ್ಲಸ್, ಇವೆಲ್ಲ ಯಾರಿಗೆ ತೋರಿಸಬೇಕು, ಎಷ್ಟಕ್ಕೆ ಬಿಡ್ ಮಾಡಬೇಕು ಅನ್ನುವುದನ್ನು ತಾವೇ ನಿರ್ಧರಿಸುತ್ತವೆ. ಹುಡುಕಿದರೆ ಉತ್ತರ ಗೂಗಲ್ ಪುಟದ ಮೇಲೇ ಎಐ ಬರೆದು ಕೊಡುತ್ತದೆ, ಕೆಳಗಿನ ವೆಬ್‌ಸೈಟ್‌ಗೆ ಹೋಗುವವರು ಕಡಿಮೆ. ಸುಮ್ನೆ ಬ್ಲಾಗ್ ಬರೆದು ಎಸ್‌ಇಒ (ಹುಡುಕಾಟದಲ್ಲಿ ವೆಬ್‌ಸೈಟ್ ಮೇಲೆ ತರುವುದು) ಮಾಡುತ್ತೇನೆ ಅಂತ ಬರುವವರಿಗೆ ಕಷ್ಟದ ಕಾಲ. ಉಳಿಯುವ ಕೆಲಸ ಯಾವುದು ಅಂದ್ರೆ, ಆ ಮಷಿನ್‌ಗೆ ಸರಿಯಾದ ಮಾಹಿತಿ ಉಣಿಸುವುದು. ಇಂಡಿಗೋ ಅಣ್ಣ ಹೇಳಿದ ಹಾಳೆ ಇದೆಯಲ್ಲ, ಯಾರು ನಿಜವಾಗಿ ಮಾಲು ಎತ್ತಿದರು ಅಂತ, ಅದನ್ನು ವಾಪಸ್ ಗೂಗಲ್‌ಗೆ ಅಪ್‌ಲೋಡ್ ಮಾಡಬಹುದು. ಆಗ ಅದು ಒಂದು ಪೀಸ್ ಕೇಳುವವರನ್ನು ಬಿಟ್ಟು ಅಂಗಡಿಯವರನ್ನು ಹುಡುಕೋಕೆ ಕಲಿಯುತ್ತದೆ. ಆಫ್‌ಲೈನ್ ಕನ್ವರ್ಶನ್ ಅನ್ನುತ್ತೇವೆ. ಇದನ್ನು ಸಣ್ಣ ಊರಿನ ವ್ಯಾಪಾರಕ್ಕೆ ಮಾಡಿಕೊಡುವವರು ಬಹಳ ಕಡಿಮೆ.

ಮೆಟಾದಲ್ಲಿ ಇನ್ನೊಂದು ಲೆಕ್ಕ ತಿಳಿದಿರಲಿ. ಒಂದು ಆಡ್ ಸೆಟ್‌ಗೆ (ಒಂದೇ ಗುರಿಯ ಜಾಹೀರಾತುಗಳ ಗುಂಪಿಗೆ) ವಾರಕ್ಕೆ ಸುಮಾರು 50 ಫಲಿತಾಂಶ ಸಿಕ್ಕರೆ ಮಾತ್ರ ಅದು ಯಾರಿಗೆ ತೋರಿಸಬೇಕು ಅಂತ ಕಲಿಯುವ ಹಂತ ದಾಟುತ್ತದೆ. ಒಂದು ಆರ್ಡರ್‌ಗೆ 200 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ, ವಾರಕ್ಕೆ 10,000 ಆಯ್ತು. ಚಟ್ನಿಪುಡಿ ಸಂಘದ ಹತ್ತಿರ ಅಷ್ಟು ಎಲ್ಲಿದೆ? ಅದಕ್ಕೇ ಆರ್ಡರ್ ಬದಲು ವಾಟ್ಸಾಪ್ ಮಾತುಕತೆ ಶುರುವಾಗುವುದನ್ನೇ ಗುರಿ ಅಂತ ಇಟ್ಟು, ಬೇರೆ ಬೇರೆ ಐದು ಆಡ್ ಸೆಟ್ ಮಾಡದೆ ಒಂದೇ ಇಡಬೇಕು. ಇನ್‌ಸ್ಟಾಗ್ರಾಂನಲ್ಲಿ "ಬೂಸ್ಟ್" ಬಟನ್ ಒತ್ತುತ್ತಾ ಕೂತರೆ ಇದ್ಯಾವುದೂ ಗೊತ್ತಾಗುವುದಿಲ್ಲ, ಆಡ್ಸ್ ಮ್ಯಾನೇಜರ್ ಒಳಗೆ ಹೋಗಿ.

ಕೆಲಸ ಹುಡುಕುವುದೇ ಆದರೆ ಏಜೆನ್ಸಿಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಕಂಪನಿಗಳಲ್ಲಿ ಮಾರ್ಕೆಟಿಂಗ್ ಆಪರೇಷನ್ಸ್ ಅಂತ ಹುದ್ದೆಗಳಿವೆ. ಅಲ್ಲಿ ನಿಮ್ಮ ಹಳೆಯ ಅನುಭವ ಲೆಕ್ಕಕ್ಕೆ ಬರುತ್ತದೆ, ಸಂಬಳ ಅಷ್ಟು ಬೀಳುವುದಿಲ್ಲ, ಮನೆಯಿಂದ ಮಾಡುವ ಅವಕಾಶಾನೂ ಅಲ್ಲೇ ಜಾಸ್ತಿ. ಆದರೆ ಒಳಗೆ ಹೋದ ಮೇಲೆ ಮತ್ತೆ ಮೀಟಿಂಗ್, ಟ್ರ್ಯಾಕರ್, ಫಾಲೋಅಪ್‌ನಲ್ಲೇ ಮುಳುಗಿಹೋಗುವ ಅಪಾಯ ಇದೆ. ಒಂದು ಅಕೌಂಟ್ ಆದರೂ ನನ್ನ ಕೈಯಲ್ಲಿ ಕೊಡಿ ಅಂತ ಸೇರುವಾಗಲೇ ಕೇಳಿ. ನೇರವಾಗಿ ಎಕ್ಸಿಕ್ಯುಟಿವ್ ಆಗಿ ಸೇರಿದರೆ ಸಂಬಳ ಬೀಳುತ್ತದೆ, ಅದರಲ್ಲಿ ಅನುಮಾನ ಬೇಡ. ಮತ್ತೆ ಮೊದಲ ವರ್ಷ ಒಂದನ್ನೇ ಹಿಡಿಯಿರಿ. ಸರ್ಚ್ ಜಾಹೀರಾತು ಅಂದ್ರೆ ಸರ್ಚ್ ಜಾಹೀರಾತು ಮಾತ್ರ.

ಮಾನ್ವಿರೋಡ್:

ಎಲ್ಲರಿಗೂ ಥ್ಯಾಂಕ್ಸ್, ಹಟ್ಟಿ ಅಣ್ಣಾವ್ರಿಗೂ. ಇನ್‌ಸ್ಟಿಟ್ಯೂಟ್ ನಂಬರ್ ಬ್ಲಾಕ್ ಆಯ್ತು, ಈಗ ಬೇರೆ ನಂಬರಿಂದ ಮಾಡುತ್ತಿದ್ದಾರೆ.

ಆಡ್ ಗ್ರಾಂಟ್ಸ್ ಬಗ್ಗೆ ನಮ್ಮ ಡೈರೆಕ್ಟರ್ ಸರ್ ಹತ್ತಿರ ಮಾತಾಡಿದೆ. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಮೊದಲು "ಗೂಗಲ್ ಯಾಕೆ ನಮಗೆ ಕೊಡುತ್ತದೆ, ಇದರಲ್ಲಿ ಏನೋ ಇದೆ" ಅಂದರು. ಆಮೇಲೆ ದುಡ್ಡು ಕಟ್ಟುವುದು ಏನೂ ಇಲ್ಲ ಅಂತ ಗೊತ್ತಾದ ಮೇಲೆ "ಸರಿ, ನೀವೇ ನೋಡಿಕೊಳ್ಳಿ" ಅಂದರು. ನಮ್ಮದು ಟ್ರಸ್ಟ್, 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ಎರಡೂ ಇವೆ. ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದಾನ ಪಡೆಯುವ ನೋಂದಣಿ, ಇಲ್ಲ. ವೆಬ್‌ಸೈಟ್ ಹೆಸರಿಗೆ ಇದೆ, ಫೋಟೋ ಗ್ಯಾಲರಿಯಲ್ಲಿ ಉದ್ಘಾಟನೆ ಫೋಟೋ ಬಿಟ್ಟು ಬೇರೆ ಏನೂ ಇಲ್ಲ. ನನ್ನ ಪ್ರಶ್ನೆ, ನಮ್ಮ ಸಂಸ್ಥೆಯ ಹೆಸರು ಯಾರು ಹುಡುಕುತ್ತಾರೆ? ಯಾವ ಕೀವರ್ಡ್ ಹಾಕಬೇಕು? ಚಟ್ನಿಪುಡಿ ಮಾರೋಕೆ ಇದನ್ನೇ ಬಳಸಬಹುದಾ?

ಎಡದಂಡೆ_ಗಂಗಾವತಿ:

ಚಟ್ನಿಪುಡಿಗೆ ಬೇಡ. ಜಾಹೀರಾತು ಸಂಸ್ಥೆಯ ಉದ್ದೇಶಕ್ಕೆ ಹೊಂದಬೇಕು, ಬರೀ ವ್ಯಾಪಾರದ ಥರ ಕಂಡರೆ ತೆಗೆಯುತ್ತಾರೆ. ಅದನ್ನು ನಿಮ್ಮ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲೇ ಬೇರೆಯಾಗಿ ನಡೆಸಿ.

ನಿಮ್ಮ ಸಂಸ್ಥೆಯ ಹೆಸರನ್ನು ಯಾರೂ ಹುಡುಕುವುದಿಲ್ಲ, ನಿಜ. ಆದರೆ "ರಾಯಚೂರಿನಲ್ಲಿ ಪೌಷ್ಟಿಕತೆ ಕೆಲಸ ಮಾಡುವ ಎನ್‌ಜಿಒ", "ಕರ್ನಾಟಕ ಸಿಎಸ್‌ಆರ್ ಪಾರ್ಟ್‌ನರ್ ಎನ್‌ಜಿಒ", "ಎಂಎಸ್‌ಡಬ್ಲ್ಯೂ ಫೀಲ್ಡ್‌ವರ್ಕ್ ಇಂಟರ್ನ್‌ಶಿಪ್" ಇವನ್ನು ಹುಡುಕುವವರು ಇದ್ದಾರೆ. ಮೂರೂ ಬೇರೆ ಜನ, ಮೂರಕ್ಕೂ ಬೇರೆ ಪುಟ ಬೇಕು. ಕೊನೆಗೆ ಒಂದು ಫಾರಂ. ಸಿಎಸ್‌ಆರ್ ಹುಡುಕಿ ಬಂದವರಿಗೆ ಉದ್ಘಾಟನೆ ಫೋಟೋ ಬೇಡ, ಯಾವ ತಾಲೂಕು, ಎಷ್ಟು ಹಳ್ಳಿ, ಬೇಸ್‌ಲೈನ್ ಏನಿತ್ತು, ಈಗ ಏನಾಗಿದೆ. ಅದು ನಿಮ್ಮ ಹತ್ತಿರ ರೆಡಿ ಇದೆ, ಡೋನರ್ ರಿಪೋರ್ಟಿಂದ ಎತ್ತಿ ಹಾಕಿ. ಆ ಫಾರಂ ತುಂಬಿದವರಲ್ಲಿ ಒಂದೇ ಒಂದು ಕಂಪನಿ ಗಟ್ಟಿಯಾದರೂ ನಿಮ್ಮ ಮಾರ್ಚ್ ತಿಂಗಳ ಸಂಕಟಾನೂ ಸ್ವಲ್ಪ ಕಡಿಮೆ ಆದೀತು.

ಲಿಂಗಸುಗೂರು_ಟು_ಬೆಂಗಳೂರು:

ಎಫ್‌ಸಿಆರ್‌ಎ ಇಲ್ಲ ಅಂದ್ರಲ್ಲ, ಹಾಗಿದ್ದರೆ ದಾನ ಕೇಳುವ ಜಾಹೀರಾತು ಭಾರತಕ್ಕೆ ಮಾತ್ರ ತೋರಿಸಿ. ಮೇಲೆ ಗಂಗಾವತಿ ಅಣ್ಣ ಹೇಳಿದ ಜಾಗದ ಸೆಟ್ಟಿಂಗ್ ಇಲ್ಲಿ ಬಹಳ ಮುಖ್ಯ. ವಿದೇಶದ ದುಡ್ಡು ಗೊತ್ತಿಲ್ಲದೆ ನಿಮ್ಮ ಖಾತೆಗೆ ಬಂದರೂ ಸಂಸ್ಥೆಗೆ ತೊಂದರೆ. ದಾನದ ಪುಟದಲ್ಲೂ "ಭಾರತೀಯ ನಾಗರಿಕರು ಮಾತ್ರ" ಅಂತ ಹಾಕಿಸಿ. ಮತ್ತೆ 80ಜಿ ತೆರಿಗೆ ಉಳಿತಾಯ ಅಂತಲೇ ಪೂರ್ತಿ ಜಾಹೀರಾತು ಕಟ್ಟಬೇಡಿ. ಈಗ ತಾನಾಗಿ ಬರುವುದು ಹೊಸ ತೆರಿಗೆ ಪದ್ಧತಿ, ಅದರಲ್ಲಿ 80ಜಿ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಆ ಮಾತು ತಾಗುತ್ತದೆ.

ಇಂಡಿಗೋ_ಬಳ್ಳಾರಿ:

ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ ಇಲ್ಲೇ ಮೆಸೇಜ್ ಹಾಕಿ ಮೇಡಂ. ದಸರಾ, ದೀಪಾವಳಿ ಮಾಲಿಗೆ ಅಂಗಡಿಯವರು ಹಬ್ಬಕ್ಕೆ ಬಹಳ ಮುಂಚೆನೇ ಆರ್ಡರ್ ಕೊಡುತ್ತಾರೆ. ನಮ್ಮ ಅಕ್ಕನ ಮಗಳಿಗೆ ಮದುವೆ ಗೊತ್ತಾಗಿದೆ, ಆಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲ. ಫೀಸ್ ಮುಂಗಡ ಕೊಡುತ್ತೇನೆ, ಹಟ್ಟಿ ಅಣ್ಣ ಸಾಕ್ಷಿ.

ಹಟ್ಟಿ_ಕ್ಯಾಂಪ್:

ಸಾಕ್ಷಿಗೆ ಕಮಿಷನ್ ಎಷ್ಟು ಅಂತ ಮೊದಲು ಹೇಳಿ.

ಮಾನ್ವಿರೋಡ್:

ಹಹ್ಹ. ಸರಿ ಅಣ್ಣಾ, ಬಳ್ಳಾರಿಗೆ ಬಂದರೆ ಖಂಡಿತ ತಿಳಿಸುತ್ತೇನೆ. ಸದ್ಯಕ್ಕೆ ಕೆಲಸ ಬಿಡುತ್ತಿಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ್ನ ಹುಡುಕುತ್ತಿದ್ದೇನೆ, ಪಾಸ್‌ವರ್ಡ್ ಅವನ ಹತ್ತಿರ ಮಾತ್ರ ಇದೆಯಂತೆ. ಅಕೌಂಟ್ ನನ್ನ ಜಿಮೇಲ್‌ನಲ್ಲೇ ಶುರು ಮಾಡಲಾ?

ಎಡದಂಡೆ_ಗಂಗಾವತಿ:

ಬೇಡ ಬೇಡ. ಸಂಸ್ಥೆಯ ಇಮೇಲ್‌ನಲ್ಲಿ ಅಕೌಂಟ್ ಮಾಡಿ, ನಿಮ್ಮ ಜಿಮೇಲ್‌ಗೆ ಅಡ್ಮಿನ್ ಅಂತ ಪ್ರವೇಶ ಕೊಟ್ಟುಕೊಳ್ಳಿ. ಇಲ್ಲಾಂದ್ರೆ ನಾಳೆ ನೀವು ಬಿಟ್ಟ ಮೇಲೆ ಆ ವೆಬ್‌ಸೈಟ್ ಹುಡುಗನ್ನ ಹುಡುಕಿದ ಹಾಗೆ ನಿಮ್ಮನ್ನು ಹುಡುಕುತ್ತಾರೆ. ಫಾರಂ ರೆಡಿ ಆದ ತಕ್ಷಣ ಜಾಹೀರಾತು ಬಿಡಬೇಡಿ. ಮೊದಲು ನಿಮ್ಮ ಮೊಬೈಲಿಂದ ನೀವೇ ಒಮ್ಮೆ ತುಂಬಿ, ಗೂಗಲ್ ಆಡ್ಸ್‌ನಲ್ಲಿ ಆ ಕನ್ವರ್ಶನ್ ಪಕ್ಕ ಟ್ಯಾಗ್ ಸಿಕ್ಕಿದೆ ಅಂತ ಬಂತಾ ನೋಡಿ. ಕೆಲವು ಗಂಟೆ ತಡವಾಗಿ ಬರುತ್ತದೆ, ಗಾಬರಿ ಆಗಬೇಡಿ. ಮಾರನೇ ದಿನವೂ ಬರದಿದ್ದರೆ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ.